ನಾಲ್ಕು ಹಲ್ಲಿನ ಪಾನಾ

ಕ್ಯಾಸಲ್‌ರಾಕ್ ದಾಟಿದ ರೈಲು ಘಾಟಿ ಇಳಿಯುವಾಗ ಪಯಣಿಗರ ಕಣ್ಣೆಲ್ಲ ದೂಧಸಾಗರದ ಕಡೆಗಿರುತ್ತದೆ. ಆ ದಾರಿಯ ಏರು ಎಷ್ಟು ಕಡಿದೆಂಬುದು ತಿಳಿಯಬೇಕಾದರೆ ವಾಸ್ಕೋದಿಂದ ಊರಿಗೆ ಮರಳುವ ಗಾಡಿಯಲ್ಲಿ ಕುಳಿತಿರಬೇಕು. 37 ಅಡಿ ಮುಂದೆ ಸಾಗಿದರೆ ಒಂದು ಅಡಿ ಮೇಲೇರುವ ಆ ಘಾಟಿಯನ್ನು ಒಂದೇ ಎಂಜಿನ್ನು ಹತ್ತಲಾರದು. ಕುಳೆ ನಿಲ್ದಾಣದಲ್ಲಿ ಹೆಚ್ಚಿನ ಎಂಜಿನ್ನುಗಳನ್ನು ಜೋಡಿಸಿದ ಮೇಲೆಯೇ ಗಾಡಿ ಹೊರಡುತ್ತದೆ. ಎಳೆಯುವ ಶಕ್ತಿ ಎಂಜಿನ್ನಿನಲ್ಲಿ ಹುಟ್ಟಿದರೆ ಸಾಲದು, ಅದು ಚಕ್ರಕ್ಕೆ ಜಾರದೆ ತಲುಪಬೇಕು. ವಾಸ್ಕೋ ನಿಲ್ದಾಣದ ಹೊರಗೆ ಹಳದಿ ಮಡ್‌ಗಾರ್ಡಿನ ಬೈಕುಗಳನ್ನು ನಿಲ್ಲಿಸಿಕೊಂಡು ಗಿರಾಕಿಗಾಗಿ ಕಾಯುವ ಪೈಲಟ್‌ಗಳಿಗೆ ಈ ಮಾತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದಿನ ಸೀಟಿನಲ್ಲಿ ಒಬ್ಬ ಮನುಷ್ಯ, ಅವನ ತೊಡೆಯ ಮೇಲೊಂದು ಚೀಲ, ಮುಂದೆ ಮಾಂಗೋರ್ ಹಿಲ್‌ನ ಏರು. ದಿನಕ್ಕೆ ಹತ್ತಾರು ಬಾರಿ ಇದೇ ಪರೀಕ್ಷೆ.

ವಾಸ್ಕೋ ಬೈಕುಗಳ ಪಾಲಿಗೆ ಕಠಿಣವಾದ ಊರು. ನಿಲ್ದಾಣ, ಮಾರುಕಟ್ಟೆ, ಸ್ವತಂತ್ರ ಪಥ ಇವಿಷ್ಟೇ ಸಮತಟ್ಟು. ಪಶ್ಚಿಮಕ್ಕೆ ಹೋದರೆ ಬೈನಾದ ಕಡಲತೀರ, ಅದರ ನೆತ್ತಿಯ ಮೇಲೆ ಸಡಾ; ಪೂರ್ವಕ್ಕೆ ಹೊರಟರೆ ದಾಬೋಳಿಯ ವಿಮಾನನಿಲ್ದಾಣವನ್ನು ಬಳಸಿ ಜುವಾರಿನಗರದ ಪ್ರಸ್ಥಭೂಮಿ. ಗೊಬ್ಬರದ ಕಾರ್ಖಾನೆ, ಬಂದರು, ಹಡಗುಕಟ್ಟೆ, ಕಟ್ಟಡ ಕೆಲಸ ಎಂದು ಬಿಜಾಪುರ, ಬಾಗಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದ ಬಂದ ಕನ್ನಡದ ಕುಟುಂಬಗಳು ಹೆಚ್ಚಾಗಿ ನೆಲೆಸಿರುವುದು ಈ ಏರುಗಳ ಮೇಲೆ ಮತ್ತು ಅವುಗಳ ಇಳಿಜಾರಿನಲ್ಲಿ. ಏರಿನಲ್ಲಿ ಅರ್ಧ ಕ್ಲಚ್ ಹಿಡಿದು ನಿಲ್ಲಿಸಿದ ಪ್ರತಿ ಕ್ಷಣವೂ ಒಳಗಿನ ಕ್ಲಚ್ ಪ್ಲೇಟುಗಳನ್ನು ತಿನ್ನುತ್ತದೆ. ಹೊರಗೆ ಉಪ್ಪಿನ ಗಾಳಿ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಮಳೆ ನಿಂತರೆ ಜಂಬಿಟ್ಟಿಗೆಯ ಕೆಂಪು ಮಣ್ಣು, ಅದರ ಜೊತೆಗೆ ಊರಿನ ಜನ ಬಹುಕಾಲದಿಂದ ದೂರುತ್ತಿರುವ ಬಂದರಿನ ಕಲ್ಲಿದ್ದಲ ದೂಳು. ಎಣ್ಣೆ ಸವರಿದ ಚೈನಿಗೆ ಈ ದೂಳು ಅಂಟಿಕೊಂಡರೆ ಅದು ಎಣ್ಣೆಯಾಗಿ ಉಳಿಯುವುದಿಲ್ಲ, ಸಾಣೆಯ ಮುಲಾಮಾಗುತ್ತದೆ.

ಮಳೆಗಾಲದ ಒಂದು ಮುಂಜಾನೆ ಇಂಥದೊಂದು ಬೈಕು ಮಾಂಗೋರ್ ಏರಿನ ನಡುವೆ ಸೋತು ನಿಂತಿತೆಂದು ಊಹಿಸಿಕೊಳ್ಳಬಹುದು. ಊರಿನ ಗ್ಯಾರೇಜುಗಳನ್ನು ಬಲ್ಲವರಿಗೆ ಇದು ಊಹೆಯೆಂದು ಅನ್ನಿಸುವುದೂ ಇಲ್ಲ. ಎಂಜಿನ್ನು ಅರಚುತ್ತಿದೆ, ಬೈಕು ಮುಂದೆ ಹೋಗುತ್ತಿಲ್ಲ. ಗೇರು ಬಿದ್ದಿದೆ, ಎಳೆತವಿಲ್ಲ. ಸವಾರ ಐವತ್ತು ದಾಟಿದವನು. ಅವನ ಮಕ್ಕಳಿಬ್ಬರು ಕನ್ನಡ ಶಾಲೆಗೆ ಹೋಗುವವರು. ಬೈಕು ಓಡಿದ ದಿನ ಮನೆಗೆ ದುಡ್ಡು. ನಿಂತ ದಿನ ದುಡ್ಡಿಲ್ಲ, ಮೇಲೆ ದುರಸ್ತಿಯ ಖರ್ಚು ಬೇರೆ. ಅವನು ಬೈಕನ್ನು ಇಳಿಜಾರಿನಲ್ಲಿ ಹಾಗೆಯೇ ಬಿಟ್ಟುಕೊಂಡು ಬಂದು ಪರಿಚಯದ ಗ್ಯಾರೇಜಿನ ಮುಂದೆ ನಿಲ್ಲಿಸುತ್ತಾನೆ. ಗ್ಯಾರೇಜು ಎಂದರೆ ತಗಡಿನ ಮಾಡಿನ ಕೆಳಗೆ ಹತ್ತಡಿ ಜಾಗ, ಗೋಡೆಗೆ ಹೊಡೆದ ಹಲಗೆಯ ಮೇಲೆ ಸಾಲಾಗಿ ನೇತಾಡುವ ಪಾನಾಗಳು, ಮೂಲೆಯಲ್ಲಿ ಕಪ್ಪು ಎಣ್ಣೆಯ ಡಬ್ಬಿ. ಮೆಕ್ಯಾನಿಕ್ ಇಪ್ಪತ್ತೈದರ ತರುಣ.

ಬಲಬದಿಯ ಮುಚ್ಚಳ ತೆಗೆದಾಗ ಕ್ಲಚ್ ಕಾಣಿಸುತ್ತದೆ. ನಾಲ್ಕು ಬೋಲ್ಟು, ನಾಲ್ಕು ಸ್ಪ್ರಿಂಗು ಬಿಚ್ಚುವವರೆಗೆ ಸಾಮಾನ್ಯ ಪಾನಾ ಸಾಕು. ಅನಂತರ ಎದುರಾಗುವುದೇ ಅಸಲು ಸಮಸ್ಯೆ. ಅನೇಕ ಬೈಕುಗಳಲ್ಲಿ ಕ್ಲಚ್ಚಿನ ನಡುಭಾಗವನ್ನು ಹಿಡಿದಿಟ್ಟಿರುವುದು ಆರು ಮೂಲೆಯ ನಟ್ ಅಲ್ಲ. ಅಂಚಿನಲ್ಲಿ ನಾಲ್ಕು ಕಚ್ಚುಗಳಿರುವ ದುಂಡನೆಯ ನಟ್. ಅದನ್ನು ಹಿಡಿಯಲು ನಾಲ್ಕು ಹಲ್ಲಿರುವ ಕೊಳವೆಯಂಥ ಪಾನಾ ಬೇಕು. ಅಷ್ಟೇ ಸಾಲದು. ನಟ್ಟನ್ನು ತಿರುಗಿಸಿದರೆ ಕ್ಲಚ್ಚೂ ಅದರೊಡನೆ ತಿರುಗುತ್ತದೆಯಾದ್ದರಿಂದ ಕ್ಲಚ್ಚನ್ನು ಅಲುಗಾಡದಂತೆ ಹಿಡಿಯುವ ಇನ್ನೊಂದು ಸಾಧನವೂ ಬೇಕು. ಈ ಎರಡೂ ಇಲ್ಲದವನ ಕೈಗೆ ಬರುವುದು ಛಿನ್ನಿ ಮತ್ತು ಸುತ್ತಿಗೆ.

“ಯಾಕಪಾ ತಮ್ಮಾ, ಛಿನ್ನಿ ಇಟ್ಟು ನಾಕು ಏಟು ಹಾಕಿದರ ಬರೂದಿಲ್ಲೇನು?”

“ಬರತದ ಕಾಕಾ. ಆದ್ರ ಮುಂದಿನ ಸಲ ಬರೂದಿಲ್ಲ.”

ತರುಣನ ಈ ಉತ್ತರದಲ್ಲಿ ಉತ್ಪ್ರೇಕ್ಷೆಯಿಲ್ಲ. ಛಿನ್ನಿಯ ಏಟಿಗೆ ನಟ್ ಸಡಿಲವಾಗುವುದು ನಿಜ, ಆದರೆ ಕಚ್ಚಿನ ಅಂಚು ಮಡಚಿಕೊಳ್ಳುತ್ತದೆ. ಎರಡನೆಯ ದುರಸ್ತಿಯ ಹೊತ್ತಿಗೆ ಹಿಡಿಯಲು ಕಚ್ಚೇ ಉಳಿದಿರುವುದಿಲ್ಲ. ಏಟಿನ ಆಘಾತ ನೇರವಾಗಿ ಶಾಫ್ಟಿಗೆ, ಅಲ್ಲಿಂದ ಬೇರಿಂಗಿಗೆ ಹೋಗುತ್ತದೆ. ಬೇರಿಂಗಿನ ಗುಂಡುಗಳು ಓಡಾಡುವ ದಾರಿಯಲ್ಲಿ ಕಣ್ಣಿಗೆ ಕಾಣದ ಕುಳಿ ಬೀಳುತ್ತದೆ. ಚಿಮ್ಮಿದ ಉಕ್ಕಿನ ಚೂರು ಎಣ್ಣೆಯೊಳಗೆ ಸೇರಿ ಗೇರುಗಳ ನಡುವೆ ಸುತ್ತುತ್ತದೆ. ಇದೆಲ್ಲದರ ಲೆಕ್ಕ ಅಂದು ಸಂಜೆಯೇ ಸಿಗುವುದಿಲ್ಲ. ಆರು ತಿಂಗಳ ಬಳಿಕ ಗೇರ್‌ಬಾಕ್ಸು ಕೂಗತೊಡಗಿದಾಗ ಸವಾರನು ಕಂಪನಿಯನ್ನೋ ರಸ್ತೆಯನ್ನೋ ಬೈಯುತ್ತಾನೆ. ಛಿನ್ನಿ ಅವನ ನೆನಪಿನಲ್ಲಿರುವುದಿಲ್ಲ.

ಹಾಗಾದರೆ ಆ ಪಾನಾ ಎಲ್ಲಿ ಸಿಗುತ್ತದೆ? ವಾಸ್ಕೋದ ಮಾರುಕಟ್ಟೆಯ ಸುತ್ತ ಹಾರ್ಡ್‌ವೇರ್ ಅಂಗಡಿಗಳಿಗೆ ಬರವಿಲ್ಲ. ರಿಂಗ್ ಪಾನಾ, ಫಿಕ್ಸ್ ಪಾನಾ, ಟಿ ಪಾನಾ, ಸಾಕೆಟ್ ಸೆಟ್ಟು ಇವೆಲ್ಲ ಗಾಜಿನ ಕಪಾಟಿನಲ್ಲಿಯೇ ಇರುತ್ತವೆ. ದಿನವೂ ನೂರು ಕಡೆ ಬೇಕಾಗುವ ಉಪಕರಣವನ್ನು ಅಂಗಡಿಯವನು ಇಟ್ಟುಕೊಳ್ಳುತ್ತಾನೆ. ಒಂದೇ ಜಾತಿಯ ಬೈಕಿನ ಒಂದೇ ನಟ್ಟಿಗೆ ಬೇಕಾಗುವುದನ್ನು ಇಟ್ಟುಕೊಂಡು ಬಂಡವಾಳ ಕೂರಿಸಲು ಅವನು ಸಿದ್ಧನಿಲ್ಲ, ಅದು ಅವನ ತಪ್ಪೂ ಅಲ್ಲ. ಬಿಡಿಭಾಗಗಳ ಅಂಗಡಿಯಲ್ಲಿ ಕ್ಲಚ್ ಪ್ಲೇಟು ಸಿಗುತ್ತದೆ, ಅದನ್ನು ಹಾಕುವ ಸಾಧನ ಸಿಗುವುದಿಲ್ಲ. ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಅದು ಇದ್ದೇ ಇರುತ್ತದೆ. ಪ್ರತಿಯೊಂದು ಕಂಪನಿಯೂ ತನ್ನ ದುರಸ್ತಿ ಕೈಪಿಡಿಯಲ್ಲಿ ವಿಶೇಷ ಉಪಕರಣಗಳ ಪಟ್ಟಿಯನ್ನೇ ಕೊಟ್ಟಿರುತ್ತದೆ. ಹೋಂಡಾದ ಪಟ್ಟಿಯಲ್ಲಿ ಅವುಗಳ ಸಂಖ್ಯೆ 07 ಎಂದು ಆರಂಭವಾಗುತ್ತದೆ, ರಾಯಲ್ ಎನ್‌ಫೀಲ್ಡ್‌ನದರಲ್ಲಿ ‘ಎಸ್‌ಟಿ’ ಎಂಬ ಅಕ್ಷರಗಳಿಂದ. ಆದರೆ ಆ ಉಪಕರಣ ಅಲ್ಲಿನ ಗೋಡೆಯನ್ನು ಬಿಟ್ಟು ಹೊರಗೆ ಬರುವುದು ಅಪರೂಪ. ಬೈಕನ್ನೇ ಅಲ್ಲಿಗೆ ಒಯ್ಯಬಹುದಲ್ಲ ಎಂದು ಕೇಳಬಹುದು. ಒಯ್ಯಬಹುದು; ಸರದಿಯೂ ಮಜೂರಿಯೂ ಪೈಲಟ್‌ನ ದಿನದ ದುಡಿಮೆಗೆ ಹೊಂದುವ ಹಾಗಿದ್ದರೆ.

ಇನ್ನು ದೂರದ ದಾರಿಗಳು. ಮಡಗಾಂವ ಹತ್ತಿರದ್ದು. ಅಲ್ಲಿ ಇಲ್ಲವೆಂದರೆ ವಾಸ್ಕೋದ ಕನ್ನಡಿಗರ ಮನಸ್ಸು ತಾನಾಗಿ ಘಾಟಿಯ ಮೇಲಕ್ಕೆ ಓಡುತ್ತದೆ. ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಕೆಲಸ, ಲೇಥ್ ಕೆಲಸಗಳಿಗೆ ಹೆಸರಾದ ಕಾರ್ಖಾನೆಗಳಿವೆ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕೈಗಾರಿಕಾ ವಸಾಹತು ಇದೆ, ಬೆಂಗಳೂರಿನಲ್ಲಿ ಜೆ.ಸಿ. ರಸ್ತೆ ವಾಹನಗಳ ಬಿಡಿಭಾಗಗಳಿಗೆ, ಎಸ್.ಜೆ.ಪಿ. ರಸ್ತೆ ಉಪಕರಣಗಳಿಗೆ ಪ್ರಸಿದ್ಧ. ಊರಿಗೆ ಹೋದ ನೆಂಟರ ಕೈಯಲ್ಲಿಯೋ ಬಸ್ಸಿನ ಚಾಲಕರ ಕೈಯಲ್ಲಿಯೋ ಪಾನಾ ತರಿಸಿಕೊಳ್ಳುವ ರೂಢಿ ಹಳೆಯದು. ಈಚೆಗೆ ಮೊಬೈಲಿನಲ್ಲಿಯೇ ತರಿಸುತ್ತಾರೆ. ಅದರಲ್ಲಿರುವ ಅಪಾಯ ಅಳತೆಯದು. ಹೋಂಡಾ ಪಟ್ಟಿಯಲ್ಲಿ 20×24 ಮಿಲಿಮೀಟರ್ ಎಂಬ ಅಳತೆಯ ಲಾಕ್ ನಟ್ ಪಾನಾ ಇದೆ. ಅದರಂತೆಯೇ ಕಾಣುವ, ಒಂದೆರಡು ಮಿಲಿಮೀಟರ್ ಆಚೀಚೆ ಇರುವ ಪಾನಾ ಚಿತ್ರದಲ್ಲಿ ಬೇರೆಯಾಗಿ ತೋರುವುದಿಲ್ಲ, ನಟ್ಟಿನ ಮೇಲೆ ಕೂಡಿಸಿದಾಗ ಮಾತ್ರ ತೋರುತ್ತದೆ. ಅಷ್ಟರಲ್ಲಿ ನಾಲ್ಕು ದಿನ ಕಳೆದಿರುತ್ತವೆ.

ನಾಲ್ಕು ದಿನ ಕಾಯಲಾಗದ ಊರು ಕಂಡುಕೊಂಡ ದಾರಿ ಬೇರೆಯೇ. ತರುಣನು ಮೊದಲು ಮಾಡುವುದು ಜುವಾರಿನಗರದ ಗ್ಯಾರೇಜೊಂದಕ್ಕೆ ಫೋನು. ಅಲ್ಲಿ ಇಲ್ಲ; ಇದ್ದುದು ಬೈನಾಕ್ಕೆ ಹೋಗಿದೆ. ಬೈನಾದವನು ಅದನ್ನು ಬೇರೊಬ್ಬನಿಗೆ ಕೊಟ್ಟಿದ್ದಾನೆ. ವಾಸ್ಕೋದಲ್ಲಿ ಇಂಥ ಉಪಕರಣಗಳು ಅಂಗಡಿಯಲ್ಲಿಲ್ಲ, ಕೈಗಳಲ್ಲಿವೆ. ಯಾರ ಕೈಯಲ್ಲಿದೆ ಎಂಬುದನ್ನು ಬಲ್ಲವನೇ ಒಳ್ಳೆಯ ಮೆಕ್ಯಾನಿಕ್. ಕೇಳುವಾಗ ಭಾಷೆಯೂ ಕೈಬದಲಾಗುತ್ತದೆ: ಒಬ್ಬನೊಡನೆ ಕೊಂಕಣಿ, ಇನ್ನೊಬ್ಬನೊಡನೆ ಹಿಂದಿ, ಮೂರನೆಯವನೊಡನೆ ಗಂಡುಮೆಟ್ಟಿನ ಕನ್ನಡ. ಪಾನಾ ಎಂಬ ಪದ ಮಾತ್ರ ಎಲ್ಲರಿಗೂ ಒಂದೇ. ಆದರೆ ಈ ನಾಲ್ಕು ಹಲ್ಲಿನದಕ್ಕೆ ನಿಶ್ಚಿತವಾದ ಹೆಸರಿಲ್ಲ. ಕೈಬೆರಳು ನಾಲ್ಕನ್ನು ಮಡಚಿ ತೋರಿಸಿದರೆ ಎದುರಿನವನಿಗೆ ಅರ್ಥವಾಗುತ್ತದೆ. ಫೋನಿನಲ್ಲಿ ಅದೂ ಆಗದು.

ಸಿಗದಿದ್ದರೆ ಮಾಡಿಕೊಳ್ಳುವುದು. ವಾಸ್ಕೋದ ಭಾಗ್ಯವೆಂದರೆ ಇದು ಹಡಗು ಕಟ್ಟುವ ಊರು. ಪೋರ್ಚುಗೀಸರ ಕಾಲದಲ್ಲಿ, 1957ರಲ್ಲಿ ಆರಂಭವಾದ ಹಡಗುಕಟ್ಟೆ ಇಂದು ಗೋವಾ ಶಿಪ್‌ಯಾರ್ಡ್ ಎಂಬ ಹೆಸರಿನಲ್ಲಿ ನೌಕಾಪಡೆಗೂ ಕರಾವಳಿ ಕಾವಲು ಪಡೆಗೂ ಹಡಗು ಕಟ್ಟಿಕೊಡುತ್ತಿದೆ. ಬಂದರು, ಹಡಗುಕಟ್ಟೆ, ಮೀನುಗಾರರ ದೋಣಿಗಳು ಇರುವಲ್ಲಿ ಫಿಟ್ಟರ್, ವೆಲ್ಡರ್, ಟರ್ನರುಗಳು ಇರಲೇಬೇಕು. ಕಬ್ಬಿಣವನ್ನು ಬಲ್ಲ ಕೈಗಳು ಊರಿನಲ್ಲಿದ್ದಾಗ ನಾಲ್ಕು ಹಲ್ಲಿನ ಪಾನಾ ದೊಡ್ಡ ಮಾತಲ್ಲ.

ಅದನ್ನು ಮಾಡುವ ಕ್ರಮ ಹೀಗೆ. ಮೊದಲು ಅಳತೆ: ವರ್ನಿಯರ್‌ನಿಂದ ನಟ್ಟಿನ ಹೊರಸುತ್ತು, ಕಚ್ಚುಗಳ ತಳದಿಂದ ತಳಕ್ಕೆ ಇರುವ ಅಂತರ, ಕಚ್ಚಿನ ಅಗಲ, ಅದರ ಆಳ. ಅನಂತರ ಹಳೆಯದೊಂದು ಬಾಕ್ಸ್ ಪಾನಾ ಅಥವಾ ಸಾಕೆಟ್ಟನ್ನು ಗುಜರಿಯಿಂದ ಆರಿಸಬೇಕು. ನೀರಿನ ಕೊಳವೆಯ ತುಂಡಿನಿಂದಲೂ ಕೆಲವರು ಮಾಡುತ್ತಾರೆ, ಆದರೆ ಅದರ ಕಬ್ಬಿಣ ಮೆತು. ಮೊದಲ ಬಿಗಿ ನಟ್ಟಿಗೇ ಹಲ್ಲು ಬಾಗುತ್ತದೆ. ಸಾಕೆಟ್ಟಿನ ಬಾಯಿಯನ್ನು ಲೇಥಿನಲ್ಲಿ ತಕ್ಕ ಸುತ್ತಿಗೆ ತಂದು, ಹಲ್ಲಿರಬೇಕಾದ ನಾಲ್ಕು ಜಾಗಗಳನ್ನು ಗುರುತು ಮಾಡಿ, ನಡುವಣ ಲೋಹವನ್ನು ಗ್ರೈಂಡರಿನಿಂದ ಸವೆಸುತ್ತ ಬರಬೇಕು. ಕೊನೆಯ ಅರ್ಧ ಮಿಲಿಮೀಟರ್ ಅರದ ಕೆಲಸ. ಪ್ರತಿ ಬಾರಿಯೂ ನಟ್ಟಿನ ಮೇಲೆ ಕೂಡಿಸಿ ನೋಡುವುದು, ತೆಗೆಯುವುದು, ಮತ್ತೆ ಉಜ್ಜುವುದು. ನಾಲ್ಕೂ ಹಲ್ಲು ಒಟ್ಟಿಗೆ ತಳ ಮುಟ್ಟಬೇಕು. ಎರಡೇ ಮುಟ್ಟಿದರೆ ಇಡೀ ಭಾರ ಆ ಎರಡರ ಮೇಲೆ ಬೀಳುತ್ತದೆ. ಗ್ರೈಂಡರಿನಲ್ಲಿ ಅವಸರ ಮಾಡಿ ಲೋಹ ನೀಲಿಗಟ್ಟಿದರೆ ಉಕ್ಕಿನ ಹದ ಹೋಯಿತೆಂದೇ ಅರ್ಥ. ಆದ್ದರಿಂದ ಆಗಾಗ ನೀರಿನಲ್ಲಿ ಅದ್ದುತ್ತ ಉಜ್ಜಬೇಕು. ಕೆಲವರು ಕೊನೆಗೆ ಹಲ್ಲುಗಳನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಡಸು ಮಾಡುತ್ತಾರೆ. ಗಡಸು ಅತಿಯಾದರೆ ಹಲ್ಲು ಬಾಗುವುದಿಲ್ಲ, ಗಾಜಿನಂತೆ ಮುರಿಯುತ್ತದೆ. ಈ ಹದವನ್ನು ಪುಸ್ತಕ ಹೇಳಬಲ್ಲದು, ಆದರೆ ಕಲಿಸುವುದು ಎರಡು ಮುರಿದ ಪಾನಾಗಳು.

ಕ್ಲಚ್ಚನ್ನು ಹಿಡಿಯುವ ಸಾಧನ ಇದಕ್ಕಿಂತ ಸುಲಭ, ಮತ್ತು ಇದಕ್ಕಿಂತ ಚೆಲುವಾದದ್ದು. ಕ್ಲಚ್ಚಿನೊಳಗೆ ಎರಡು ಬಗೆಯ ಪ್ಲೇಟುಗಳಿರುತ್ತವೆ: ಘರ್ಷಣೆಯ ಲೇಪವಿರುವವು ಹೊರಗಿನ ಬುಟ್ಟಿಗೆ ಕಚ್ಚಿಕೊಂಡರೆ, ಬರಿಯ ಉಕ್ಕಿನವು ನಡುಭಾಗದ ಹಲ್ಲುಗಳಿಗೆ ಕಚ್ಚಿಕೊಳ್ಳುತ್ತವೆ. ಸವೆದು ಎಸೆದ ಒಂದು ಉಕ್ಕಿನ ಪ್ಲೇಟಿಗೆ ಒಂದೂವರೆ ಅಡಿಯ ಪಟ್ಟಿ ಕಬ್ಬಿಣವನ್ನು ಬೆಸುಗೆ ಹಾಕಿದರೆ ಹಿಡಿಕೆ ಸಿದ್ಧ. ಅದನ್ನು ನಡುಭಾಗದ ಮೇಲೆ ಕೂಡಿಸಿ, ಪಟ್ಟಿಯನ್ನು ಕಾಲಿಡುವ ಫುಟ್‌ರೆಸ್ಟಿಗೆ ಒರಗಿಸಿದರೆ ಕ್ಲಚ್ ಕದಲದು. ಬೈಕನ್ನು ನಿಲ್ಲಿಸಿದ ಪ್ಲೇಟೇ ಬೈಕನ್ನು ಎಬ್ಬಿಸುವ ಉಪಕರಣವಾಗುತ್ತದೆ. ಎಂಟನೆಯ ತರಗತಿಯ ವಿಜ್ಞಾನದಲ್ಲಿ ಘರ್ಷಣೆಯ ಪಾಠ ಓದಿದ ಮಗು ಈ ಕ್ಲಚ್ಚನ್ನು ಬಿಚ್ಚಿಟ್ಟಾಗ ನೋಡಿದರೆ ಪಾಠದ ಅರ್ಧ ಸಂದೇಹ ಅಲ್ಲಿಯೇ ಹೋದೀತು. ಗ್ಯಾರೇಜಿನ ಮುಂದೆ ನಿಂತು ನೋಡುವುದನ್ನು ಹೊತ್ತುಗಳೆಯುವುದೆಂದು ಬೈಯುವ ತಂದೆತಾಯಿಗಳು ಇಷ್ಟನ್ನು ಗಮನಿಸಬಹುದು.

ಮರಳಿ ಬಿಗಿಯುವಾಗ ಇನ್ನೊಂದು ಪ್ರಶ್ನೆ ಏಳುತ್ತದೆ: ಎಷ್ಟು ಬಿಗಿ? ಕೈಪಿಡಿಯಲ್ಲಿ ಪ್ರತಿ ನಟ್ಟಿಗೂ ನಿಗದಿತ ಬಿಗಿ ಬರೆದಿರುತ್ತದೆ. ಅದನ್ನು ಅಳೆಯುವ ಟಾರ್ಕ್ ರೆಂಚ್ ಸಣ್ಣ ಗ್ಯಾರೇಜುಗಳಲ್ಲಿ ವಿರಳ. ಕೈಯಂದಾಜಿನಲ್ಲಿ ಬಿಗಿದು ನಟ್ಟಿನ ಸುತ್ತು ಹಾಳು ಮಾಡಿದವರಿಗೆ ಲೆಕ್ಕವಿಲ್ಲ. ಇಲ್ಲಿಯೂ ಶಾಲೆಯ ಲೆಕ್ಕವೇ ನೆರವಾಗುತ್ತದೆ. ಬಿಗಿ ಎಂದರೆ ಬಲವನ್ನು ದೂರದಿಂದ ಗುಣಿಸಿದ್ದು. ನಟ್ಟಿನ ನಡುವಿನಿಂದ 30 ಸೆಂಟಿಮೀಟರ್ ದೂರದಲ್ಲಿ ಪಾನಾದ ಹಿಡಿಗೆ ಗುಜರಿಯವರು ಬಳಸುವ ಕೊಕ್ಕೆ ತಕ್ಕಡಿಯನ್ನು ಸಿಕ್ಕಿಸಿ, ನೇರ ಕೋನದಲ್ಲಿ ಎಳೆದು, ಮುಳ್ಳು 20 ಕಿಲೋ ತೋರಿಸಿದಾಗ ನಿಲ್ಲಿಸಿದರೆ 6 ಕಿಲೋ-ಮೀಟರ್ ಬಿಗಿ, ಎಂದರೆ ಸುಮಾರು 59 ನ್ಯೂಟನ್-ಮೀಟರ್ ಆಯಿತು. ಕೈಪಿಡಿಯ ಅಂಕಿ ಬೇರೆಯಾದರೆ ತಕ್ಕಡಿಯ ಅಂಕಿಯನ್ನೂ ಅದಕ್ಕೆ ತಕ್ಕಂತೆ ಬದಲಿಸಬೇಕು. ಸಾವಿರಾರು ರೂಪಾಯಿಯ ಉಪಕರಣದಷ್ಟು ಕರಾರುವಾಕ್ಕಲ್ಲ; ಬರಿಯ ತೋಳಿನ ನಂಬಿಕೆಗಿಂತ ಎಷ್ಟೋ ಮೇಲು.

ಕ್ಲಚ್ ಮುಗಿದರೂ ಬೈಕು ಮುಗಿದಿಲ್ಲ. ತರುಣನು ಚೈನನ್ನು ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯಲ್ಲಿ ಬೆರಳಿನಿಂದ ಎಳೆದು ನೋಡುತ್ತಾನೆ. ಹಲ್ಲಿನ ಅರ್ಧ ಭಾಗ ಬರಿದಾಗಿ ಕಾಣುತ್ತದೆ. ಸಣ್ಣ ಬೈಕುಗಳ ಚೈನಿನ ಮೇಲೆ 428 ಎಂಬ ಅಂಕಿ ಕೊರೆದಿರುತ್ತದೆ. ಮೊದಲ 4 ಎಂದರೆ ಒಂದು ಪಿನ್ನಿನಿಂದ ಇನ್ನೊಂದಕ್ಕೆ ಎಂಟರಲ್ಲಿ ನಾಲ್ಕು ಅಂಗುಲ, ಅಂದರೆ ಅರ್ಧ ಅಂಗುಲ. ದೊಡ್ಡ ಬೈಕುಗಳ 520ರಲ್ಲಿ ಎಂಟರಲ್ಲಿ ಐದು. ಹೀಗಾಗಿ 428ರ ಇಪ್ಪತ್ತು ಕೊಂಡಿಗಳು ಹೊಸತರಲ್ಲಿ ಸರಿಯಾಗಿ ಹತ್ತು ಅಂಗುಲ, 254 ಮಿಲಿಮೀಟರ್. ಇದನ್ನು ಅಳೆಯಲು ಯಾವ ವಿಶೇಷ ಉಪಕರಣವೂ ಬೇಡ, ಮಗುವಿನ ಪಾಟಿಚೀಲದಲ್ಲಿರುವ 30 ಸೆಂಟಿಮೀಟರಿನ ಅಳತೆಪಟ್ಟಿ ಸಾಕು. ಚೈನನ್ನು ಬಿಗಿಯಾಗಿ ಎಳೆದು ಹಿಡಿದು, ಒಂದು ಪಿನ್ನಿನ ನಡುವಿನಿಂದ ಇಪ್ಪತ್ತೊಂದನೆಯ ಪಿನ್ನಿನ ನಡುವಿನವರೆಗೆ ಅಳೆಯಬೇಕು. 259 ದಾಟಿದರೆ ಚೈನು ಶೇಕಡಾ ಎರಡರಷ್ಟು ಉದ್ದವಾಗಿದೆ, ಅದರ ಆಯುಷ್ಯ ತೀರಿದೆ. ಕೆಲವು ತಯಾರಕರು ಇದಕ್ಕೂ ಬಹಳ ಮೊದಲೇ ಬದಲಿಸಲು ಹೇಳುತ್ತಾರೆ. ಉದ್ದವಾದ ಚೈನನ್ನು ಹೊಸ ಸ್ಪ್ರಾಕೆಟ್ಟಿನ ಮೇಲೆ ಓಡಿಸಿದರೆ ಹೊಸ ಹಲ್ಲುಗಳನ್ನೂ ಅದು ಕೊಕ್ಕೆಯಂತೆ ಸವೆಸುತ್ತದೆ. ಆದ್ದರಿಂದಲೇ ಮೂರನ್ನೂ ಕೂಡಿಯೇ ಹಾಕುವುದು ರೂಢಿ.

ಇಲ್ಲಿ ಆತುರದವರು ಮಾಡುವ ಒಂದು ತಪ್ಪಿದೆ. ಚೈನನ್ನು ಮೊದಲು ತೆಗೆದುಬಿಡುತ್ತಾರೆ. ಆಮೇಲೆ ಮುಂದಿನ ಸ್ಪ್ರಾಕೆಟ್ಟಿನ ಬೋಲ್ಟು ಬಿಚ್ಚಲು ಹೋದರೆ ಅದು ಸುಮ್ಮನೆ ಗಿರಕಿ ಹೊಡೆಯುತ್ತದೆ. ಚೈನು ಇರುವಾಗಲೇ ಹಿಂದಿನ ಬ್ರೇಕು ತುಳಿದು ಹಿಡಿದರೆ ಇಡೀ ಬೈಕೇ ಹಿಡಿಯುವ ಸಾಧನವಾಗುತ್ತದೆ. ಹೊಸ ಚೈನು ಹಾಕಿದಾಗ ಜೋಡಣೆಯ ಕೊಂಡಿಯ ಕ್ಲಿಪ್ಪಿನ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿರಬೇಕು. ತಿರುವುಮುರುವಾದರೆ ಒಂದು ದಿನ ಅದು ಸಿಡಿದು ಹೋಗುತ್ತದೆ, ಹಿಂದೆ ಮನುಷ್ಯ ಕುಳಿತಿರುವಾಗಲೇ ಹೋದೀತು. ಪ್ರವಾಸಿಗರು ಬಾಡಿಗೆಗೆ ಪಡೆಯುವ ದೊಡ್ಡ ಬೈಕುಗಳ ಚೈನುಗಳಲ್ಲಿ ಹಲವಕ್ಕೆ ಕ್ಲಿಪ್ಪೇ ಇಲ್ಲ. ಒಳಗೆ ರಬ್ಬರಿನ ಉಂಗುರಗಳಿರುವ ಆ ಚೈನುಗಳ ಕೊಂಡಿಯನ್ನು ಒತ್ತಿ ಪಿನ್ನಿನ ತುದಿಯನ್ನು ಅರಳಿಸಲು ಬೇರೆಯೇ ಸಾಧನ ಬೇಕು. ಅದಕ್ಕೆ ಗುಜರಿಯಲ್ಲಿ ಬದಲಿಯಿಲ್ಲ. ಸುತ್ತಿಗೆಯಿಂದ ಪಿನ್ನಿನ ತಲೆ ಚಪ್ಪಟೆ ಮಾಡುವವರನ್ನು ಕಂಡರೆ ಬೈಕನ್ನು ಅಲ್ಲಿಂದ ತೆಗೆದುಕೊಂಡು ಹೋಗುವುದೇ ಲೇಸು.

ಆ ಸಂಜೆ ಪಾನಾ ಸಿದ್ಧವಾಗುವ ಹೊತ್ತಿಗೆ ಟರ್ನರನ ಅಂಗಡಿಯ ಬಾಗಿಲು ಅರ್ಧ ಇಳಿದಿರುತ್ತದೆ. ಮಳೆ ಹಿಡಿದಿರುತ್ತದೆ. ಕಾಕಾನ ಒಂದು ದಿನದ ದುಡಿಮೆ ಹೋಗಿದೆ. ಎರಡನೆಯ ದಿನದ ಮುಂಜಾನೆಯೂ ಹೋಗಲಿದೆ. ಛಿನ್ನಿಯಿಂದ ಹೊಡೆದಿದ್ದರೆ ನಿನ್ನೆ ಮಧ್ಯಾಹ್ನವೇ ಬೈಕು ಹೊರಡುತ್ತಿತ್ತೆಂಬುದು ಅವನಿಗೂ ಗೊತ್ತು, ತರುಣನಿಗೂ ಗೊತ್ತು. ಮರುದಿನ ಹತ್ತರ ಸುಮಾರಿಗೆ ನಾಲ್ಕು ಹಲ್ಲು ನಾಲ್ಕು ಕಚ್ಚಿನಲ್ಲಿ ಕೂತಾಗ ನಟ್ ಒಂದು ಸಣ್ಣ ಸದ್ದಿನೊಡನೆ ಬಿಡುತ್ತದೆ. ಅಂಚಿಗೆ ಒಂದು ಗೀರೂ ಇಲ್ಲ. ಮಜೂರಿಯಲ್ಲಿ ಪಾನಾದ ಖರ್ಚನ್ನು ತರುಣನು ಸೇರಿಸುವುದಿಲ್ಲ. ಅದು ಗ್ಯಾರೇಜಿನ ಸೊತ್ತು.

ಅದರ ಹಿಡಿಗೆ ಹಸಿರು ಬಣ್ಣ ಬಳಿದು ಅವನು ಹಲಗೆಯ ಮೊಳೆಗೆ ತೂಗುಹಾಕುತ್ತಾನೆ. ಮಧ್ಯಾಹ್ನ ಮಾಂಗೋರ್ ಏರಿನಲ್ಲಿ ಹಳದಿ ಮಡ್‌ಗಾರ್ಡಿನ ಬೈಕು ಎರಡನೆಯ ಗೇರಿನಲ್ಲಿ ಒಬ್ಬ ಹೆಂಗಸನ್ನೂ ಅವಳ ಅಕ್ಕಿಯ ಚೀಲವನ್ನೂ ಹೊತ್ತು ಹತ್ತುತ್ತಿರುವಾಗ ಜುವಾರಿನಗರದಿಂದ ಫೋನು ಬರುತ್ತದೆ. ತರುಣನು ಶಾಲೆಯ ಹಳೆಯ ನೋಟುಪುಸ್ತಕವೊಂದರ ಕೊನೆಯ ಹಾಳೆ ತೆರೆದು, ತಾರೀಕು ಹಾಕಿ, ಪಾನಾ ಯಾರಿಗೆ ಹೋಯಿತೆಂದು ಕನ್ನಡದಲ್ಲಿ ಬರೆದಿಡುತ್ತಾನೆ.